‘ಗಂಟೆಗೆ 150 ಆಂಪಿಯರ್’ ಸರಿಯೇ? ‘ಚಾರ್ಜ್’ಗೆ ಯಾವ ಪದ?

ನಮಸ್ಕಾರ. ಇನ್ವರ್ಟರ್ ರಿಪೇರಿ ಕಲಿಯುವವರಿಗಾಗಿ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಬ್ಯಾಟರಿಯ ಮೇಲಿನ ‘150 ಎಎಚ್’ ಎಂಬುದು ಕರಡಿನಲ್ಲಿ ‘ಗಂಟೆಗೆ 150 ಆಂಪಿಯರ್’ ಎಂದಾಗಿದೆ. ಇದು ಸರಿಯೇ? ‘ಚಾರ್ಜ್’ ಎಂಬಲ್ಲೆಲ್ಲ ಪಠ್ಯಪುಸ್ತಕದ ‘ವಿದ್ಯುದಾವೇಶ’ ಹಾಕಬೇಕೇ? ಕೂಲಮ್‌ಗೆ (ವಿದ್ಯುದಾವೇಶದ ಅಳತೆಮಾನ) ಪರಿವರ್ತಿಸುವ ಲೆಕ್ಕವೂ ಒಂದು ಪುಟ ಇದೆ.
— ಸಿಂಧನೂರಿನಿಂದ

ಸರ್, ‘ಗಂಟೆಗೆ’ ಬೇಡವೇ ಬೇಡ. ‘ಗಂಟೆಗೆ 40 ಕಿಲೋಮೀಟರ್’ ಎಂದರೆ ಅದು ಭಾಗಾಕಾರ. ಇಲ್ಲಿರುವುದು ಗುಣಾಕಾರ, ಆಂಪಿಯರ್ ಗುಣಿಸು ಗಂಟೆ. ‘150 ಆಂಪಿಯರ್-ಗಂಟೆ’ ಎಂದು ಅಡ್ಡಗೆರೆ ಸಮೇತ ಬರೆಯಿರಿ. ಹತ್ತಿ ಬಿಡಿಸುವಾಗ ‘ಇಪ್ಪತ್ತು ಆಳು ಹಿಡೀತು’ ಅನ್ನುತ್ತೇವಲ್ಲ, ಐದು ಮಂದಿ ನಾಲ್ಕು ದಿನ ಬಂದರೂ ಅಷ್ಟೇ, ಹತ್ತು ಮಂದಿ ಎರಡು ದಿನ ಬಂದರೂ ಅಷ್ಟೇ. ಲೆಕ್ಕದ ಜಾತಿ ಅದೇ.

ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಒಂದು ಕೂಲಮ್ (ಈ ‘ಸೆಕೆಂಡಿಗೆ’ ಸರಿ, ಇಲ್ಲಿ ನಿಜಕ್ಕೂ ಭಾಗಾಕಾರವಿದೆ). ಒಂದು ಗಂಟೆಯಲ್ಲಿ 3600 ಸೆಕೆಂಡು. ಹಾಗಾಗಿ 1 ಆಂಪಿಯರ್-ಗಂಟೆ = 3600 ಕೂಲಮ್, 150 ಆಂಪಿಯರ್-ಗಂಟೆ = 5,40,000 ಕೂಲಮ್. ಕೂಲಮ್‌ನಿಂದ ಹಿಂದಕ್ಕೆ ಬರಲು 3600ರಿಂದ ಭಾಗಿಸಿದರೆ ಆಯಿತು. ಮಿಲಿಆಂಪಿಯರ್-ಗಂಟೆಯನ್ನು ಮಾತ್ರ 3.6ರಿಂದ ಗುಣಿಸಬೇಕು: ಮೊಬೈಲಿನ 5000 ಎಂದರೆ 18,000 ಕೂಲಮ್. ಹುಡುಗರು ಅದಕ್ಕೂ 3600 ಹಚ್ಚಿಬಿಡುತ್ತಾರೆ, ಉತ್ತರ ಸಾವಿರ ಪಟ್ಟು ಉಬ್ಬುತ್ತದೆ. ‘ಗಂಟೆಗೆ’ ಎಂದು ಬರೆದಿದ್ದರಂತೂ 3600ರಿಂದ ಗುಣಿಸುವುದೋ ಭಾಗಿಸುವುದೋ ಎಂಬುದೇ ತಿಳಿಯದು.

ಎಲೆಕ್ಟ್ರಾನ್ ಲೆಕ್ಕ ಬೇಕೆನಿಸಿದರೆ ಒಂದೇ ಸಾಲು ಸಾಕು: 1 ಕೂಲಮ್ ಎಂದರೆ ಸುಮಾರು 6.24 × 10¹⁸ ಎಲೆಕ್ಟ್ರಾನ್‌ಗಳ ಆವೇಶ. 2019ರ ಮೇ 20ರಿಂದ ಒಂದು ಎಲೆಕ್ಟ್ರಾನಿನ ಆವೇಶದ ಪರಿಮಾಣವನ್ನು 1.602176634 × 10⁻¹⁹ ಕೂಲಮ್ ಎಂದೇ ನಿಗದಿ ಮಾಡಿದ್ದಾರೆ.

ಇನ್ನು ‘ಚಾರ್ಜ್’. ನಮ್ಮ ಕಡೆ ‘ಚಾರ್ಜ್ ಮುಗದೈತಿ’, ‘ಚಾರ್ಜಿಗೆ ಹಾಕ್ರಿ’, ‘ಚಾರ್ಜ್ ಎಷ್ಟ್ರಿ’ ಮೂರೂ ನಡೆಯುತ್ತವೆ, ಕೊನೆಯದು ರಿಪೇರಿ ಕೂಲಿ. ಕೂಲಮ್‌ನಲ್ಲಿ ಅಳೆಯುವ ಕಡೆಗಷ್ಟೇ ‘ವಿದ್ಯುದಾವೇಶ’ ಇರಲಿ, ಎರಡನೆಯ ಸಲದಿಂದ ‘ಆವೇಶ’ ಎಂದರೂ ನಡೆದೀತು. ಕೆಲಸಕ್ಕೆ ‘ಚಾರ್ಜ್ ಮಾಡು’ ಎಂದೇ ಬಿಡಿ. ‘ಬ್ಯಾಟರಿಯನ್ನು ಆವೇಶಗೊಳಿಸಿ’ ಎಂದರೆ ಅಂಗಡಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.
— ಬಳ್ಳಾರಿಯಿಂದ

ಬಳ್ಳಾರಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಆಂಪಿಯರ್-ಗಂಟೆಯನ್ನು ಕರಡಿನಲ್ಲಿ ಎಲ್ಲೂ ‘ಶಕ್ತಿ’ ಎನ್ನಬೇಡಿ, ‘ಸಾಮರ್ಥ್ಯ’ ಎನ್ನಿ. ವೋಲ್ಟ್‌ನಿಂದ ಗುಣಿಸಿದ ಮೇಲೆಯೇ ಅದು ಶಕ್ತಿ: 12 ವೋಲ್ಟಿನ ಬ್ಯಾಟರಿಯಾದರೆ 12 × 150 = 1800 ವಾಟ್-ಗಂಟೆ, ಅಂದರೆ ಕರೆಂಟ್ ಬಿಲ್ಲಿನ 1.8 ಯೂನಿಟ್. ಇಂಥ ಎರಡು ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಕೂಡಿಸಿದರೆ 24 ವೋಲ್ಟ್ ಆಗುತ್ತದೆ, ಆಂಪಿಯರ್-ಗಂಟೆ 150ರಲ್ಲೇ ನಿಲ್ಲುತ್ತದೆ. ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಆದರೆ 12 ವೋಲ್ಟ್, 300 ಆಂಪಿಯರ್-ಗಂಟೆ. ಎರಡರಲ್ಲೂ ಶಕ್ತಿ 3600 ವಾಟ್-ಗಂಟೆಯೇ. ಈ 3600ಕ್ಕೂ ಕೂಲಮ್ ಲೆಕ್ಕದ 3600ಕ್ಕೂ ಸಂಬಂಧವಿಲ್ಲ, ಉದಾಹರಣೆಗೆ ಬೇರೆ ಬ್ಯಾಟರಿ ತೆಗೆದುಕೊಂಡರೆ ಗೊಂದಲ ತಪ್ಪುತ್ತದೆ.

ಬ್ಯಾಟರಿ ಲೇಬಲ್ಲಿನಲ್ಲಿ ‘ಸಿ20’ ಎಂದಿದ್ದರೆ ‘20 ಗಂಟೆಯ ದರದಲ್ಲಿ’ ಎಂದು ಬಿಡಿಸಿ ಬರೆಯಿರಿ. 7.5 ಆಂಪಿಯರ್‌ನಂತೆ 20 ಗಂಟೆ ಎಳೆದಾಗ ಸಿಗುವುದು 150. ಅದೇ ಲೆಡ್-ಆಸಿಡ್ ಬ್ಯಾಟರಿಯಿಂದ 30 ಆಂಪಿಯರ್ ಎಳೆದರೆ 5 ಗಂಟೆ ಬರುವುದಿಲ್ಲ, ಅದಕ್ಕೂ ಮುಂಚೆಯೇ ವೋಲ್ಟೇಜ್ ಬಿದ್ದು ಇನ್ವರ್ಟರ್ ಕಟ್ ಆಗುತ್ತದೆ.
— ಕೊಪ್ಪಳದಿಂದ