ವೈರ್ ಮಧ್ಯೆ ಕೂರುವ ಸ್ವಿಚ್ ನಾವೇ ಮಾಡಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಮ್ಮ ತಾಯಿಗೆ ಬೆರಳಿನ ಗಂಟುಗಳಲ್ಲಿ ನೋವು. ಟೇಬಲ್ ಲ್ಯಾಂಪಿನ ವೈರ್ ಮಧ್ಯೆ ಇರುವ ಪುಟ್ಟ ಸ್ವಿಚ್ ಒತ್ತಲು ತುಂಬಾ ಕಷ್ಟಪಡುತ್ತಾರೆ. ಅಂಗೈಯಲ್ಲಿ ತಟ್ಟಿದರೆ ಸಾಕು ಅನ್ನುವಂಥ ದೊಡ್ಡ ಸ್ವಿಚ್ ಮಾಡಿಕೊಡೋಣ ಅಂತಿದ್ದೇನೆ. 3ಡಿ ಪ್ರಿಂಟರ್ ಇದೆ, ಡಬ್ಬಿ ಡಿಸೈನ್ ಮಾಡಲು ಬರುತ್ತದೆ. ಎಲೆಕ್ಟ್ರಿಕಲ್ ಕಡೆ ಮಾತ್ರ ಅಷ್ಟಕ್ಕಷ್ಟೆ. 230 ವೋಲ್ಟ್, ಎರಡು ಎಳೆಯ ವೈರ್, 9 ವ್ಯಾಟ್ ಎಲ್‌ಇಡಿ ಬಲ್ಬ್. ಒಳಗೆ ಎರಡು ಹಿತ್ತಾಳೆ ಪಟ್ಟಿ, ಒಂದು ಸ್ಪ್ರಿಂಗ್ ಇಟ್ಟು, ಒತ್ತಿದಾಗ ತಾಗುವ ಹಾಗೆ ಮಾಡಿದರೆ ಸಾಕಲ್ವಾ? ಎಲ್ಲೆಲ್ಲಿ ಎಚ್ಚರ ಬೇಕು?

ರಿಪೇರಿ ಕೆಲಸ ಮಾಡುವವರ ಉತ್ತರ

ಮೊದಲು ಆ ಹಿತ್ತಾಳೆ ಪಟ್ಟಿ ಯೋಚನೆ ಬಿಟ್ಟುಬಿಡಿ. ರೆಡಿ ಸ್ವಿಚ್ ಒತ್ತಿದಾಗ ‘ಟಕ್’ ಅನ್ನುತ್ತದಲ್ಲ, ಅದು ಸುಮ್ನೆ ಬರುವ ಸದ್ದಲ್ಲ. ನೀವು ಎಷ್ಟೇ ನಿಧಾನವಾಗಿ ಒತ್ತಿದರೂ ಒಂದು ಹಂತ ದಾಟಿದ ಮೇಲೆ ಒಳಗಿನ ಸ್ಪ್ರಿಂಗೇ ಕಾಂಟ್ಯಾಕ್ಟನ್ನು, ಅಂದರೆ ತಾಗಿದಾಗ ಕರೆಂಟ್ ಹರಿಸುವ ಲೋಹದ ತುಂಡನ್ನು, ಪಟ್ಟನೆ ಆಚೆ ಎಳೆಯುತ್ತದೆ. ನಿಮ್ಮ ಪಟ್ಟಿ ಹಾಗಲ್ಲ. ಕೈ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ. ತಾಗಿಯೂ ತಾಗದ ಹಾಗೆ ಇರುವ ಆ ಹೊತ್ತಿನಲ್ಲಿ ಕಿಡಿ ಹಾರುತ್ತಲೇ ಇರುತ್ತದೆ. ಕಿಡಿ ಬಿದ್ದ ಜಾಗ ಕಪ್ಪಾಗುತ್ತದೆ, ಕಪ್ಪಾದ ಕಡೆ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಏರುತ್ತದೆ, ಆಮೇಲೆ ಬಿಸಿ. 9 ವ್ಯಾಟ್ ಬಲ್ಬಿಗೆ ಇದು ದೊಡ್ಡದಾಗಿ ಕಾಣದೇ ಇರಬಹುದು. ಆದರೆ ಇಂಥ ಸ್ವಿಚ್ ಚೆನ್ನಾಗಿ ಬಂತು ಅಂತ ಯಾರಾದರೂ ಇನ್ನೊಂದು ಮಾಡಿ ಹೀಟರಿಗೆ ಹಾಕಿಬಿಟ್ಟರೆ? ಕಾಂಟ್ಯಾಕ್ಟಿನಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದ್ದು 8 ಆಂಪ್ ಹರಿದರೆ 6.4 ವ್ಯಾಟ್ ಶಾಖ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಳಗೆ ಅದು ಎಲ್ಲಿಗೆ ಹೋಗಬೇಕು ಹೇಳಿ.

ಇಷ್ಟು ಹೇಳಿದರೂ, ನನ್ನ ಕೈಗೆ ಬರುವ ಇಂಥ ಸ್ವಿಚ್‌ಗಳಲ್ಲಿ ಕಾಂಟ್ಯಾಕ್ಟ್ ಸುಟ್ಟವು ಕಡಿಮೆ. ವೈರ್ ಒಳಗೆ ಹೋಗುವ ಬಾಯಿಯಲ್ಲೇ ಕೆಟ್ಟವು ಜಾಸ್ತಿ. ಬಿಚ್ಚಿದರೆ ಹೆಚ್ಚುಕಡಿಮೆ ಒಂದೇ ದೃಶ್ಯ. ಮೇಲಿನ ಹೊದಿಕೆ ಡಬ್ಬಿಯಿಂದ ಆಚೆ ಜಾರಿಬಂದಿರುತ್ತದೆ. ಬಾಯಿಯ ಹತ್ತಿರ ಕಂದು, ನೀಲಿ ವೈರ್ ಬರಿಗಣ್ಣಿಗೇ ಕಾಣುತ್ತವೆ. ಒಳಗೆ ಸ್ಕ್ರೂ ಕೆಳಗೆ ತಾಮ್ರದ ಅರ್ಧ ಎಳೆಗಳು ಮಾತ್ರ ಸಿಕ್ಕಿಕೊಂಡಿರುತ್ತವೆ. ಉಳಿದವು ಕೆದರಿ ಪಕ್ಕದ ಟರ್ಮಿನಲ್ (ವೈರ್ ತುದಿ ಸಿಕ್ಕಿಸುವ ಜಾಗ) ಕಡೆ ಚಾಚಿರುತ್ತವೆ. ಯಾರೋ ವೈರ್ ಹಿಡಿದು ಲ್ಯಾಂಪ್ ಎಳೆದಿದ್ದಾರೆ, ಆ ಎಳೆತವೆಲ್ಲ ಸ್ಕ್ರೂ ಮೇಲೆ ಬಿದ್ದಿದೆ. ಅಷ್ಟೇ ಕಥೆ.

ಹಾಗಾಗಿ ಡಬ್ಬಿಯಲ್ಲಿ ನಿಜವಾದ ಡಿಸೈನ್ ಕೆಲಸ ಇರುವುದು ಎರಡು ತುದಿಗಳಲ್ಲಿ. ವೈರಿನ ಮೇಲಿನ ಹೊದಿಕೆ ಡಬ್ಬಿಯೊಳಕ್ಕೆ ಬರಬೇಕು, ವೈರನ್ನು ಅದುಮಿ ಹಿಡಿಯುವ ಕ್ಲಾಂಪ್ ಆ ಹೊದಿಕೆಯನ್ನೇ ಹಿಡಿಯಬೇಕು. ಒಳಗಿನ ಬಣ್ಣದ ವೈರನ್ನಲ್ಲ. ಗಂಟು ಹಾಕಿ ಕೂರಿಸುವುದನ್ನು ಕ್ಲಾಂಪ್ ಅಂತ ಯಾರೂ ಒಪ್ಪುವುದಿಲ್ಲ. ಲ್ಯಾಂಪ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60598ರಲ್ಲಿ ಇದಕ್ಕೊಂದು ಪರೀಕ್ಷೆ ಇದೆ: ನಿಮ್ಮಂಥ ತೆಳು ವೈರಿಗೆ 60 ನ್ಯೂಟನ್, ಅಂದರೆ ಸುಮಾರು 6 ಕಿಲೋ ತೂಕದಷ್ಟು ಎಳೆತ, ಒಂದೊಂದು ಸೆಕೆಂಡಿನಂತೆ 25 ಸಲ. ವೈರ್ 2 ಮಿಲಿಮೀಟರಿಗಿಂತ ಜಾಸ್ತಿ ಜಾರಬಾರದು. ಎಳೆಯುವ ಮೊದಲು ಬಾಯಿಯ ಹತ್ತಿರ ಪೆನ್ನಿನಲ್ಲಿ ಗೆರೆ ಹಾಕಿಕೊಂಡರೆ ಜಾರಿದ್ದು ಗೊತ್ತಾಗುತ್ತದೆ.

ಬಾಯಿಯ ಅಂಚು ಚೂಪಾಗಿರಬಾರದು, ಉರುಟಾಗಿ ಹೊರಕ್ಕೆ ಅಗಲವಾಗಬೇಕು. ಇಲ್ಲದಿದ್ದರೆ ವೈರ್ ದಿನವೂ ಒಂದೇ ಜಾಗದಲ್ಲಿ ಮಡಚಿ, ಹೊದಿಕೆ ನೋಡಲು ಚೆನ್ನಾಗಿದ್ದರೂ ಒಳಗೆ ತಾಮ್ರ ಒಂದೊಂದೇ ಎಳೆ ತುಂಡಾಗುತ್ತದೆ. ಅಲ್ಲಾಡಿಸಿದರೆ ದೀಪ ಮಿಣುಕುತ್ತದೆ ಅನ್ನುವ ದೂರೆಲ್ಲ ಬಹುಪಾಲು ಇದೇ.

ಇನ್ನೊಂದು. ಸ್ಕ್ರೂ ಟರ್ಮಿನಲ್ಲಿಗೆ ಹಾಕುವ ತುದಿಗೆ ಸೋಲ್ಡರ್ (ಬೆಸುಗೆ ಲೋಹ) ಹಚ್ಚಬೇಡಿ. ಎಳೆಗಳು ಒಟ್ಟಿಗೆ ಇರಲಿ ಅಂತ ತುಂಬಾ ಜನ ಹಚ್ಚುತ್ತಾರೆ. ಸೋಲ್ಡರ್ ಮೆತ್ತಗಿನ ಲೋಹ. ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಹರಡಿಕೊಂಡು ಹಿಡಿತ ಸಡಿಲವಾಗುತ್ತದೆ. ಪುಟ್ಟ ಲೋಹದ ಕೊಳವೆಯಂಥ ಫೆರೂಲ್ ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಅದುಮಿ, ಆಮೇಲೆ ಸ್ಕ್ರೂ ಬಿಗಿಯಿರಿ.

ವೈರಿಂಗ್ ಕೆಲಸದವರ ಉತ್ತರ

ಮೇಲಿನವರು ಹೇಳಿದ್ದು ಸರಿ. ಸ್ವಿಚ್ ಯಾವ ಎಳೆಯ ಸಂಪರ್ಕ ಕಡಿಯಬೇಕು ಅನ್ನುವುದು ಬಿಟ್ಟುಹೋಗಿದೆ, ಅದನ್ನು ನಾನು ಹೇಳುತ್ತೇನೆ.

ಸಾದಾ ಸ್ವಿಚ್ ಒಂದೇ ಎಳೆ ಕಡಿಯುತ್ತದೆ. ಅದು ಫೇಸ್, ಅಂದರೆ ಮುಟ್ಟಿದರೆ ಶಾಕ್ ಹೊಡೆಯುವ ಎಳೆ ಆಗಿರಬೇಕು; ಇನ್ನೊಂದು ನ್ಯೂಟ್ರಲ್. ಆದರೆ ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ಇವತ್ತು ಫೇಸ್ ಇದ್ದ ಎಳೆಗೆ ನಾಳೆ ನ್ಯೂಟ್ರಲ್. ಆಗ ಸ್ವಿಚ್ ಆಫ್ ಮಾಡಿದರೂ ಬಲ್ಬ್ ಹೋಲ್ಡರಿನವರೆಗೆ ಕರೆಂಟ್ ಬಂದು ಕೂತಿರುತ್ತದೆ. ದೀಪ ಆರಿದೆಯಲ್ಲ ಅಂತ ಬಲ್ಬ್ ಬಿಚ್ಚಲು ಹೋದವರಿಗೆ ಶಾಕ್. ಅದಕ್ಕೇ ವೈರ್ ಮಧ್ಯದ ಸ್ವಿಚ್ ಅಂದರೆ ಡಬಲ್ ಪೋಲ್ ತಗೊಳ್ಳಿ, ಎರಡೂ ಎಳೆ ಒಟ್ಟಿಗೆ ಕಡಿಯುವಂಥದ್ದು. ಹಾಗಿದ್ದರೂ ಬಲ್ಬ್ ಬದಲಿಸುವಾಗ ಪ್ಲಗ್ ಕಿತ್ತೇ ಮುಟ್ಟಬೇಕು.

ನಿಮ್ಮ ಈಗಿನ ಲ್ಯಾಂಪ್ ಆಫ್ ಮಾಡಿದ ಮೇಲೂ ಎಲ್‌ಇಡಿ ಕತ್ತಲಲ್ಲಿ ಮಸುಕಾಗಿ ಹೊಳೆಯುತ್ತದಾ ನೋಡಿ. ಹೊಳೆದರೆ ಸ್ವಿಚ್ ನ್ಯೂಟ್ರಲ್ ಕಡಿಯುತ್ತಿದೆ ಅಂತ ನನ್ನ ಮೊದಲ ಅನುಮಾನ. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ದರೂ ಹೀಗೆ ಆಗುವುದುಂಟು.

ಮೂರು ಎಳೆಯ ವೈರ್ ಆದರೆ ಹಸಿರು-ಹಳದಿ ಅರ್ತ್ ವೈರನ್ನು ಯಾವ ಕಾರಣಕ್ಕೂ ಸ್ವಿಚ್ಚಿನಲ್ಲಿ ಕಡಿಯಬೇಡಿ, ನೇರವಾಗಿ ದಾಟಿಸಿ. ಡಬ್ಬಿಯೊಳಗೆ ಅದನ್ನು ಉಳಿದ ಎರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಕ್ಲಾಂಪ್ ಕೈಕೊಟ್ಟು ವೈರ್ ಕಿತ್ತುಬಂದರೂ ಕೊನೆಗೆ ಕಿತ್ತುಬರುವುದು ಅರ್ತ್ ಆಗಿರಬೇಕು.

ಒಂದು ಸಾಲಿನ ಉತ್ತರ

ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ದೊಡ್ಡ ಸ್ವಿಚ್ ರೆಡಿಯಾಗೇ ಬರುತ್ತದಲ್ಲ, ಅದನ್ನೇ ಮೇಜಿನ ಮೇಲಿಟ್ಟು ಕೈಯಲ್ಲಿ ತಟ್ಟಿದರಾಯಿತು!

ಪ್ರಶ್ನೆ ಕೇಳಿದವರು

ಕಾಲಿನ ಸ್ವಿಚ್ ತರಿಸಿ ನೋಡಿದೆ. ಕಾಲಿನ ಭಾರಕ್ಕೆ ಅಂತ ಮಾಡಿರುವುದರಿಂದ ಸ್ಪ್ರಿಂಗ್ ತುಂಬಾ ಗಟ್ಟಿ. ನನಗೇ ಅಂಗೈ ಒತ್ತಿ ಹಿಡಿಯಬೇಕಾಯಿತು, ಅವರಿಗೆ ಆಗದ ಮಾತು. ಹಾಗಾದರೆ ರೆಡಿ ಡಬಲ್ ಪೋಲ್ ಸ್ವಿಚ್ ಬಿಡಿಯಾಗಿ ತಂದು, ನನ್ನ ಡಬ್ಬಿಯಲ್ಲಿ ಕೂರಿಸಿದರೆ? ಡಬ್ಬಿ ಪಿಎಲ್‌ಎದು, 3ಡಿ ಪ್ರಿಂಟರಿಗೆ ಹಾಕುವ ಸಾಮಾನ್ಯ ಪ್ಲಾಸ್ಟಿಕ್.

ಉತ್ಪನ್ನ ಪರೀಕ್ಷೆಯಲ್ಲಿ ಕೆಲಸ ಮಾಡಿದವರ ಉತ್ತರ

ಬೇಡ. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಕರೆಂಟ್ ಇರುವ ಭಾಗವನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ಕಿಗೆ ಕೆಂಪಗೆ ಕಾದ ತಂತಿ ಒತ್ತಿ ನೋಡುವ ಪರೀಕ್ಷೆ ಇರುತ್ತದೆ. ಉಪಕರಣಕ್ಕೆ ತಕ್ಕಂತೆ 650 ಡಿಗ್ರಿಯಿಂದ 850 ಡಿಗ್ರಿವರೆಗೆ. ಹೊತ್ತಿಕೊಂಡರೂ ತಂತಿ ತೆಗೆದ ಮೇಲೆ ತಾನಾಗೇ ಆರಬೇಕು. ಮನೆಯ ಪ್ರಿಂಟರಿನ ಸಾಮಾನ್ಯ ಪ್ಲಾಸ್ಟಿಕ್ಕಿನ ಮೇಲೆ ಅಂಥ ಭರವಸೆ ಇಡಲು ಆಗುವುದಿಲ್ಲ. ಪದರ ಪದರವಾಗಿ ಬರುವುದರಿಂದ ಮಧ್ಯೆ ಸಂದುಗಳೂ ಇರುತ್ತವೆ. ಬೆವರು, ಧೂಳು, ಚೆಲ್ಲಿದ ನೀರು ಎಲ್ಲಕ್ಕೂ ಅದು ದಾರಿ.

ಇದರ ಜೊತೆಗೆ ಅಂತರದ ಲೆಕ್ಕ. ಒಳಗಿನ ಲೋಹಕ್ಕೂ ಹೊರಗೆ ಕೈ ತಾಗುವ ಜಾಗಕ್ಕೂ ಪ್ಲಾಸ್ಟಿಕ್ ಮೈಮೇಲೆ ಹಾದು ಅಳೆದರೂ ಸಾಕಷ್ಟು ದೂರ ಬೇಕು. ನಾವು 230 ವೋಲ್ಟಿಗೆ 6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ಡಿಸೈನ್ ಚಿತ್ರ ನೋಡುತ್ತಲೇ ಇರಲಿಲ್ಲ. ತಾಮ್ರದ ಒಂದು ಸಣ್ಣ ಎಳೆ ತಪ್ಪಿಸಿಕೊಂಡು ಆಚೆ ಚಾಚಿದರೂ ಸಮಸ್ಯೆ ಆಗಬಾರದು. ಮುಚ್ಚಳ ಬೆರಳಲ್ಲಿ ತೆಗೆಯಲು ಬರಬಾರದು, ಸ್ಕ್ರೂಡ್ರೈವರ್ ಬೇಕೇ ಬೇಕು. ಆ ಸ್ಕ್ರೂ ಕಳೆದುಹೋಗಿ ಯಾರಾದರೂ ಉದ್ದದ್ದು ಹಾಕಿದರೂ ಅದು ಒಳಗಿನ ವೈರಿಗೆ ಚುಚ್ಚಬಾರದು. ಕೊನೆಯದನ್ನು ಹೊಸಬರು ಯಾರೂ ಯೋಚಿಸುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ನಿಮ್ಮ ಸಮಸ್ಯೆ ಏನು? ಬೆರಳಿಗೆ ಬಲ ಸಾಲದು. ಅದು ಕರೆಂಟಿನ ಸಮಸ್ಯೆ ಅಲ್ಲವೇ ಅಲ್ಲ. ಹಾಗಿದ್ದ ಮೇಲೆ ಕರೆಂಟ್ ಇರುವ ಕಡೆ ಕೈ ಹಾಕುವುದು ಯಾಕೆ? ಪರೀಕ್ಷೆ ಪಾಸಾದ ವೈರ್ ಸ್ವಿಚ್ ಇದ್ದ ಹಾಗೇ ಇರಲಿ. ಅದನ್ನು ಬಿಚ್ಚಲೇಬೇಡಿ. ಅದು ಕೂರುವಂಥ ತೊಟ್ಟಿಲು ಪ್ರಿಂಟ್ ಮಾಡಿ, ಮೇಲೆ ದೊಡ್ಡ ಹಲಗೆ ಕೂರಿಸಿ. ನಿಮ್ಮ ಪ್ಲಾಸ್ಟಿಕ್ ಮುರಿದರೂ ಕರಗಿದರೂ ಒಳಗೆ ಪೂರ್ತಿ ಸ್ವಿಚ್ ಹಾಗೇ ಉಳಿಯುತ್ತದೆ.

ರಾಕರ್ ಸ್ವಿಚ್ ಒಂದು ಕಡೆ ಒತ್ತಿದರೆ ಆನ್, ಇನ್ನೊಂದು ಕಡೆ ಒತ್ತಿದರೆ ಆಫ್. ಹಾಗಾಗಿ ಮಧ್ಯೆ ಕೀಲು ಇರುವ ಉದ್ದ ಹಲಗೆ ಸಾಕು. ಕೀಲಿನಿಂದ ಅಂಗೈ ಬೀಳುವ ಜಾಗ, ಹಲಗೆ ಸ್ವಿಚ್ಚಿಗೆ ತಾಗುವ ಜಾಗಕ್ಕಿಂತ ಮೂರು ಪಟ್ಟು ದೂರ ಇದ್ದರೆ ಮೂರನೇ ಒಂದು ಭಾಗ ಬಲ ಸಾಕು. ಹಲಗೆ ಮೂರು ಪಟ್ಟು ಜಾಸ್ತಿ ಇಳಿಯುತ್ತದೆ, ಅದಕ್ಕೆ ಜಾಗ ಬಿಡಿ. ಹಲಗೆಯ ಕೆಳಗೆ ತೊಟ್ಟಿಲಿನಲ್ಲೇ ಒಂದು ತಡೆ ಇರಲಿ. ಸ್ವಿಚ್ ‘ಟಕ್’ ಅಂದ ಮೇಲೆ ಉಳಿದ ಗುದ್ದು ಆ ತಡೆಗೆ ಬೀಳಬೇಕು. ಹಲಗೆಗೆ ನಿಮ್ಮದೇ ಸ್ಪ್ರಿಂಗ್ ಸೇರಿಸಬೇಡಿ. ಅದು ರಾಕರನ್ನು ಅರ್ಧದಲ್ಲಿ ಹಿಡಿದಿಟ್ಟರೆ ಮತ್ತೆ ಆ ಕಿಡಿ ಕಥೆಯೇ. ಮೇಲೆ ಪುಸ್ತಕ ಬಿದ್ದು ತಾನಾಗೇ ಆನ್ ಆಗದ ಹಾಗೆ ಸುತ್ತ ಅಂಚು ಸ್ವಲ್ಪ ಎತ್ತರ ಇಡಿ. ಲ್ಯಾಂಪಿಗೆ ಅದು ಕಿರಿಕಿರಿ ಅಷ್ಟೆ. ಹೀಟರಿಗೆ ಇಂಥ ಹಲಗೆ ನಾನು ಮಾಡಿಕೊಡುವುದಿಲ್ಲ.

ಸ್ವಿಚ್ ಕೊಳ್ಳುವಾಗ ಮೈಮೇಲಿನ ಬರಹ ಓದಿ. ಇಂಥ ಸ್ವಿಚ್‌ಗಳಿಗೆ ಐಇಸಿ 61058 ಮಾನದಂಡ. ‘6(4)ಎ 250ವಿ~’ ಅಂತಿದ್ದರೆ ಹೀಟರಿನಂಥ ಸಾದಾ ಲೋಡಿಗೆ 6 ಆಂಪ್, ಮೋಟರಿಗೆ 4 ಆಂಪ್. ‘ಟಿ85’ ಅಂದರೆ ಸುತ್ತಲಿನ ಬಿಸಿ 85 ಡಿಗ್ರಿವರೆಗೆ ತಡೆಯುತ್ತದೆ. ‘1ಇ4’ ಅಂದರೆ ಹತ್ತು ಸಾವಿರ ಸಲ ಆನ್-ಆಫ್. ಗ್ರೀಕ್ ಅಕ್ಷರ ‘μ’ ಕಂಡರೆ ಆಫ್ ಆದಾಗ ಕಾಂಟ್ಯಾಕ್ಟ್ ನಡುವಿನ ಅಂತರ 3 ಮಿಲಿಮೀಟರಿಗಿಂತ ಕಡಿಮೆ ಅಂತ. ದೀಪ ಆರಿಸಲು ಸಾಕು, ಪೂರ್ತಿ ಸಂಪರ್ಕ ಕಡಿದಿದೆ ಅಂತ ನಂಬಿ ಒಳಗೆ ಕೈ ಹಾಕಲು ಸಾಲದು.

9 ವ್ಯಾಟ್ ಎಲ್‌ಇಡಿಗೆ 6 ಆಂಪ್ ಸ್ವಿಚ್ ಅತಿಯಾಯಿತು ಅನ್ನಿಸಬಹುದು. ಇರಲಿ ಬಿಡಿ. ಎಲ್‌ಇಡಿಯ ಒಳಗಿನ ಕೆಪಾಸಿಟರ್ (ಕರೆಂಟ್ ತುಂಬಿಟ್ಟುಕೊಳ್ಳುವ ಭಾಗ) ಆನ್ ಆದ ಕ್ಷಣ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಸಣ್ಣ ಕಾಂಟ್ಯಾಕ್ಟ್ ಆದರೆ ಕ್ರಮೇಣ ಅಂಟಿಕೊಂಡುಬಿಡುತ್ತದೆ, ಆಫ್ ಒತ್ತಿದರೂ ದೀಪ ಉರಿಯುತ್ತಲೇ ಇರುತ್ತದೆ.

ಬೇರೊಬ್ಬರು

ನಾನಾಗಿದ್ದರೆ ಲ್ಯಾಂಪನ್ನೇ ಬದಲಿಸುತ್ತಿದ್ದೆ. 5 ವೋಲ್ಟ್ ಅಡಾಪ್ಟರಿನ ಯುಎಸ್‌ಬಿ ಲ್ಯಾಂಪ್ ತಂದು, ಅಡಾಪ್ಟರಿನಿಂದ ಈಚೆಗೆ ಯಾವ ಸ್ವಿಚ್ ಬೇಕಾದರೂ ಮಾಡಿಕೊಳ್ಳಿ, ಮುಟ್ಟಿದರೆ ಶಾಕ್ ಭಯ ಇಲ್ಲ. ಒಂದೇ ಮಾತು: ಅಲ್ಲಿ ಹರಿಯುವುದು ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್; ಮನೆಯ ಪ್ಲಗ್ಗಿನದು ದಿಕ್ಕು ಬದಲಿಸುತ್ತಲೇ ಇರುವ ಎಸಿ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗೇ ಆರುತ್ತದೆ, ಡಿಸಿಯಲ್ಲಿ ಆ ಅನುಕೂಲ ಇಲ್ಲ. ಸ್ವಿಚ್ ಮೇಲೆ ಡಿಸಿ ರೇಟಿಂಗ್ ಬೇರೆಯಾಗಿ ಬರೆದಿರುತ್ತದಾ ನೋಡಿ ತಗೊಳ್ಳಿ.

ಪ್ರಶ್ನೆ ಕೇಳಿದವರು

ತೊಟ್ಟಿಲು ಮತ್ತು ಹಲಗೆ ಅಂತ ತೀರ್ಮಾನ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಆದರೆ ಈಗಿರುವ ಪುಟ್ಟ ಸ್ವಿಚ್ಚಿನ ಮೈಮೇಲೆ ಏನೂ ಬರೆದಿಲ್ಲ. ಡಬಲ್ ಪೋಲ್ ಇರುವ ಹೊಸದನ್ನು ಹಾಕಲೇಬೇಕು. ಹಾಕಿದ ಮೇಲೆ ಪ್ಲಗ್ ಸಿಕ್ಕಿಸುವ ಮೊದಲು ಏನು ಚೆಕ್ ಮಾಡಲಿ?

ವೈರಿಂಗ್ ಕೆಲಸದವರ ಉತ್ತರ

ಬಲ್ಬ್ ತೆಗೆದು, ಪ್ಲಗ್ ಹೊರಗಿಟ್ಟು, ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಡಿ. ಪ್ಲಗ್ಗಿನ ಒಂದು ಪಿನ್ನಿನಿಂದ ಹೋಲ್ಡರಿನ ಅದೇ ಎಳೆಯ ತುದಿಗೆ ಹಿಡಿಯಿರಿ. ಆನ್ ಇದ್ದಾಗ ಬೀಪ್, ಆಫ್ ಮಾಡಿದರೆ ಮೌನ. ಇನ್ನೊಂದು ಪಿನ್ನಿಗೂ ಹಾಗೇ. ಯಾವುದಾದರೂ ಒಂದು ಎಳೆ ಆಫ್ ಇದ್ದಾಗಲೂ ಬೀಪ್ ಅಂದರೆ ನಿಮಗೆ ಕೊಟ್ಟಿರುವುದು ಸಿಂಗಲ್ ಪೋಲ್, ವಾಪಸ್ ಕೊಟ್ಟುಬಿಡಿ. ಆಮೇಲೆ ಎರಡು ಪಿನ್ನುಗಳ ನಡುವೆ ಹಿಡಿಯಿರಿ. ಅಲ್ಲಿ ಆನ್ ಇದ್ದರೂ ಆಫ್ ಇದ್ದರೂ ಬೀಪ್ ಬರಬಾರದು. ವೈರನ್ನು ಬಾಯಿಯ ಹತ್ತಿರ ಅತ್ತಿತ್ತ ಬಗ್ಗಿಸುತ್ತಾ ಇದನ್ನೆಲ್ಲ ಇನ್ನೊಮ್ಮೆ ಮಾಡಿ.