'ಸ್ಟೀಪ್ ಸ್ಪೈರಲ್': ಕಡಿದಾದ ಸುರುಳಿಯೋ, ವಾಲಿಸಿ ಸುತ್ತಿಳಿಸುವುದೋ?

ಮಾನ್ಯರೇ,

ಹತ್ತನೆಯ ತರಗತಿಯವರೆಗೆ ತೀರ್ಥಹಳ್ಳಿಯ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಈಗ ಪೈಲಟ್ ತರಬೇತಿಗೆ ಸೇರಿರುವ ನನ್ನ ಅಕ್ಕನ ಮಗನಿಗಾಗಿ ಹಾರಾಟದ ಪಾಠಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. 'ಸ್ಟೀಪ್ ಸ್ಪೈರಲ್' ಎಂಬ ಅಭ್ಯಾಸಕ್ಕೆ ಮೊದಲು 'ಕಡಿದಾದ ಸುರುಳಿ' ಎಂದು ಬರೆದಿದ್ದೆ. ಆ ಎರಡು ಪದಗಳೂ ಕಲಿಯುವವನನ್ನು ತಪ್ಪು ದಾರಿಗೆ ಎಳೆಯುತ್ತವೆ ಎಂದು ಈಗ ಅನ್ನಿಸಿರುವುದರಿಂದ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಅಭ್ಯಾಸದ ಸ್ವರೂಪ. ಎತ್ತರದಲ್ಲಿರುವಾಗ ಎಂಜಿನ್ ಕೈಕೊಟ್ಟು, ಇಳಿಯಬಹುದಾದ ಬಯಲು ನೇರ ಕೆಳಗೇ ಇದ್ದರೆ, ಆ ಬಯಲನ್ನು ಬಿಟ್ಟು ದೂರ ಹೋಗದೆ ಎತ್ತರವನ್ನು ಕಳೆದುಕೊಳ್ಳಬೇಕಾಗುತ್ತದೆ. ಅದನ್ನು ಅಭ್ಯಾಸ ಮಾಡಲು ಎಂಜಿನ್ನಿನ ಶಕ್ತಿಯನ್ನು ಬೇಕೆಂದೇ ತಗ್ಗಿಸಿ, ನೆಲದ ಮೇಲಿನ ಒಂದು ಗುರುತನ್ನು ನಡುವಿಟ್ಟುಕೊಂಡು, ಅದರಿಂದ ಒಂದೇ ಅಂತರವನ್ನು ಕಾಯ್ದುಕೊಳ್ಳುತ್ತ, ಸುತ್ತು ಹಾಕುತ್ತ ಇಳಿಯುತ್ತಾರೆ. ಅಮೆರಿಕದ ವಾಣಿಜ್ಯ ಪೈಲಟ್ ಪರೀಕ್ಷೆಯ ಮಾನದಂಡದಂತೆ ಕನಿಷ್ಠ 3 ಪೂರ್ಣ ಸುತ್ತುಗಳಾಗಬೇಕು, ವಿಮಾನದ ವಾಲು 60 ಡಿಗ್ರಿಯನ್ನು ಮೀರಬಾರದು, ವೇಗ ಗೊತ್ತುಮಾಡಿಕೊಂಡದ್ದಕ್ಕಿಂತ 10 ನಾಟ್‌ಗಳಿಗಿಂತ ಹೆಚ್ಚು ಏರುಪೇರಾಗಬಾರದು, ನೆಲದಿಂದ 1,500 ಅಡಿಗಿಂತ ಕೆಳಗಿಳಿಯುವ ಮೊದಲೇ ಅಭ್ಯಾಸ ಮುಗಿದಿರಬೇಕು.

ಈಗ 'ಕಡಿದಾದ' ಎಂಬ ಪದ. ಮಲೆನಾಡಿನವರಾದ ನಮಗೆ ಕಡಿದಾದದ್ದು ಎಂದರೆ ಆಗುಂಬೆ ಘಾಟಿಯ ಇಳಿಜಾರು, ಕೊಡಚಾದ್ರಿಯ ಏರು, ಮಳೆಗೆ ಕುಸಿಯುವ ದರೆ. ಆದರೆ ಇಲ್ಲಿ 'ಸ್ಟೀಪ್' ಹೇಳುತ್ತಿರುವುದು ಇಳಿಜಾರನ್ನಲ್ಲ, ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದನ್ನು. ನಾನು ಬರೆದುಕೊಟ್ಟದ್ದನ್ನು ಓದಿದ ಹುಡುಗ, 'ಹಾಗಾದರೆ ಮೂತಿಯನ್ನು ಚೆನ್ನಾಗಿ ಕೆಳಗೆ ಮಾಡಬೇಕಲ್ಲವೆ' ಎಂದು ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಮೂತಿ ಕೆಳಗಾದರೆ ವೇಗ ಏರುತ್ತದೆ, ವೇಗವನ್ನು ಹಿಡಿದಿಡುವುದೇ ಈ ಪಾಠದ ತಿರುಳು. ತಪ್ಪು ಅವನದಲ್ಲ, ನನ್ನ ಪದದ್ದು.

'ಸುರುಳಿ'ಯಲ್ಲಿರುವ ತೊಡಕು ಬೇರೆಯದು. ಮಳೆಗಾಲದಲ್ಲಿ ತೋಟದ ಅಂಚಿನ ಜರಿಗಿಡದ ಎಳೆ ಚಿಗುರು, ಸುತ್ತಿಟ್ಟ ಚಾಪೆ, ಸೊಳ್ಳೆಬತ್ತಿ ಇವೆಲ್ಲ ಸುರುಳಿಗಳೇ, ಮತ್ತು ಇವೆಲ್ಲ ಒಳಗೊಳಗೆ ಹೋದಂತೆ ಕಿರಿದಾಗುತ್ತವೆ. ಈ ಅಭ್ಯಾಸದಲ್ಲಿ ಸುತ್ತು ಕಿರಿದಾಗಲೇಬಾರದು. ಮರವನ್ನು ಬಳಸಿ ಏರುವ ಅಮೃತಬಳ್ಳಿಯ ಹಾದಿಯನ್ನು ತಲೆಕೆಳಗು ಮಾಡಿ ನೋಡಿದರೆ ಇದಕ್ಕೆ ಹತ್ತಿರವಾದೀತು. ಗಾಳಿ ಬೆನ್ನಿಗಿರುವಾಗ ನೆಲದ ಮೇಲಿನ ವೇಗ ಹೆಚ್ಚುವುದರಿಂದ ಹೆಚ್ಚು ವಾಲಿಸಿ, ಗಾಳಿ ಎದುರಾದಾಗ ಕಡಿಮೆ ವಾಲಿಸಿ, ಆ ದುಂಡನ್ನು ಕಾಪಾಡಬೇಕು. ಆದ್ದರಿಂದ, ನಡುವೊಂದು ಇದೆ ಎಂಬ ಅರ್ಥವನ್ನು ತಾನೇ ಹೊತ್ತಿರುವ 'ಸುತ್ತು' ಇಲ್ಲಿ ಮೇಲು ಎಂದು ನನ್ನ ಅಭಿಪ್ರಾಯ. ದೇವಸ್ಥಾನಕ್ಕೆ ನಾವು ಸುತ್ತು ಬರುತ್ತೇವೆ, ಸುರುಳಿ ಬರುವುದಿಲ್ಲ.

ಹೀಗೆ ಯೋಚಿಸುತ್ತ 'ಸುತ್ತಿಳಿಸು' ಎಂಬ ರೂಪಕ್ಕೆ ಬಂದೆ. ಅದರ ಕೊನೆಯ '-ಇಸು' ಪ್ರತ್ಯಯವೇ ನನಗೆ ಹೆಚ್ಚು ಬೇಕಾದದ್ದು. ಬಸ್ಸು ವಾಲಿತು ಎಂದರೆ ಅಪಘಾತದ ಭಯ, ಸವಾರ ತಿರುವಿನಲ್ಲಿ ಬೈಕನ್ನು ವಾಲಿಸಿದ ಎಂದರೆ ಕೈಯ ಹಿಡಿತ. ವಿಮಾನದಲ್ಲಿಯೂ ಇದೇ ಎರಡು ಸ್ಥಿತಿಗಳಿವೆ. ಮೋಡದೊಳಗೆ ದಿಗಂತ ಕಾಣದಾದಾಗ ಪೈಲಟ್‌ಗೆ ತಿಳಿಯದಂತೆಯೇ ವಿಮಾನ ವಾಲಿ, ಸುತ್ತುತ್ತ, ವೇಗ ಏರಿಸಿಕೊಳ್ಳುತ್ತ ಕೆಳಗಿಳಿಯುವ ಅಪಾಯವಿದೆ, ಇಂಗ್ಲಿಷಿನಲ್ಲಿ ಅದು 'ಸ್ಪೈರಲ್ ಡೈವ್'. ಆಗ ಗಾಬರಿಯಿಂದ ಮೂತಿಯನ್ನು ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ, ಶಕ್ತಿ ತಗ್ಗಿಸಿ ಮೊದಲು ರೆಕ್ಕೆಗಳನ್ನು ಸಮ ಮಾಡಿ, ಆಮೇಲೆ ಮೂತಿಯನ್ನು ಮೆಲ್ಲನೆ ಎತ್ತಬೇಕು. ಅಭ್ಯಾಸದಲ್ಲಿ ಪೈಲಟ್ ವಿಮಾನವನ್ನು ಸುತ್ತಿಳಿಸುವುದು, 'ಸ್ಪೈರಲ್ ಡೈವ್'ನಲ್ಲಿ ವಿಮಾನ ತಾನೇ ಸುತ್ತಿಳಿಯುವುದು. ಇಂಗ್ಲಿಷು ಎರಡಕ್ಕೂ 'ಸ್ಪೈರಲ್' ಎಂದೇ ಹೇಳುವಲ್ಲಿ ನಮ್ಮ ಕ್ರಿಯಾಪದ ತಾನಾಗಿಯೇ ಬೇರ್ಪಡಿಸಿ ತೋರಿಸುತ್ತದೆ. ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ವಿಮಾನ ಹಿಡಿತ ತಪ್ಪಿ ತಿರುಗುತ್ತ ಬೀಳುವ 'ಸ್ಪಿನ್' ಇವೆರಡಕ್ಕಿಂತ ಬೇರೆ. ಅಲ್ಲಿ ರೆಕ್ಕೆ ಎತ್ತುವ ಬಲವನ್ನು ಬಹುಪಾಲು ಕಳೆದುಕೊಂಡಿರುತ್ತದೆ, ವೇಗ ಏರುತ್ತ ಹೋಗುವುದಿಲ್ಲ, ತಿರುಗುತ್ತಿರುವ ದಿಕ್ಕಿಗೆ ಎದುರಾದ ಕಡೆಗೆ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿಯೇ ಹೊರಬರಬೇಕು. ಇದಕ್ಕೆ 'ಗಿರಕಿ' ಎನ್ನೋಣವೆಂದರೆ, ಇಳಿಯಲು ಕಾಯುತ್ತ ಸುತ್ತುವ ವಿಮಾನವೂ ಪತ್ರಿಕೆಗಳಲ್ಲಿ 'ಗಿರಕಿ ಹೊಡೆಯುತ್ತದೆ'. ತುಂಗೆಯ ಮಳೆಗಾಲವನ್ನು ಕಂಡವರಿಗೆ 'ಸುಳಿ' ಎಂದರೆ ಸಿಕ್ಕಿಕೊಳ್ಳುವ ಅರ್ಥವೂ ಜೊತೆಗೇ ಬರುವುದರಿಂದ ನಾನು ಸದ್ಯಕ್ಕೆ ಅದನ್ನೇ ಬರೆದುಕೊಂಡಿದ್ದೇನೆ.

'ಸ್ಟೀಪ್ ಸ್ಪೈರಲ್'ಗೆ 'ಹೆಚ್ಚು ವಾಲಿಸಿ ಸುತ್ತಿಳಿಸುವುದು' ಎಂಬ ಪ್ರಯೋಗ ಒಪ್ಪಬಹುದೇ? ರೆಕ್ಕೆ ಓರೆಯಾಗುವುದಕ್ಕೆ ಇಂಗ್ಲಿಷಿನಲ್ಲಿರುವ 'ಬ್ಯಾಂಕ್' ಎಂಬುದಕ್ಕೆ 'ವಾಲು' ಎಂಬ ನಾಮಪದ ಸಾಕೇ, 'ಓರೆ' ಉತ್ತಮವೇ? ಶರಾವತಿ ಹಿನ್ನೀರಿನ ಕಡೆಯವರಾಗಲಿ ಕರಾವಳಿಯವರಾಗಲಿ, ದೋಣಿಯನ್ನು ಬೇಕೆಂದೇ ಒಂದು ಪಕ್ಕಕ್ಕೆ ಓರೆಮಾಡುವುದಕ್ಕೆ ದೋಣಿ ನಡೆಸುವವರು ಬಳಸುವ ಮಾತೊಂದನ್ನು ಬಲ್ಲವರಿದ್ದರೆ, ಅದನ್ನು ಉಚ್ಚಾರಸಹಿತ ತಿಳಿಸಬೇಕೆಂದು ಕೋರುತ್ತೇನೆ.