ನಾಫ್ಲಿಯೊದಲ್ಲಿ ರಾತ್ರಿ ತಂಗಬೇಕೇ, ಊಟಕ್ಕೆ ನಿಂತು ಬಂದರೆ ಸಾಕೇ?

ಹಾದಿಹೋಕಿ:
ಅಕ್ಟೋಬರಿನಲ್ಲಿ ಅಮ್ಮನ ಜೊತೆ ಗ್ರೀಸಿಗೆ ಹೊರಟಿದ್ದೇನೆ. ಅಥೆನ್ಸಿನಿಂದ ಮೈಸೀನಿ, ಎಪಿಡಾರಸ್ ಎಂಬ ಪ್ರಾಚೀನ ತಾಣಗಳನ್ನು ತೋರಿಸಿ ಸಂಜೆಗೆ ಮರಳುವ ಪ್ರವಾಸಿ ಬಸ್ಸುಗಳು ದಾರಿಯಲ್ಲಿ ನಾಫ್ಲಿಯೊ ಎಂಬ ಬಂದರು ಊರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆಯಂತೆ. ಅಷ್ಟು ಸಾಕೇ? ಅಮ್ಮನಿಗೆ ಮಂಡಿನೋವು, ಅಲ್ಲಿನ ಕೋಟೆಗೆ ಸಾವಿರ ಮೆಟ್ಟಿಲು ಎಂದು ಓದಿ ಹಿಂಜರಿಯುತ್ತಿದ್ದೇನೆ. ಆದರೆ ಅವರು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವರು, ಬರಿಯ ಕಡಲತೀರ ತೋರಿಸಿದರೆ ಒಪ್ಪುವವರಲ್ಲ.

ಇಸಾರ್ ದಂಡೆ:
ದಯವಿಟ್ಟು ಉಳಿಯಿರಿ, ಎರಡು ರಾತ್ರಿಯಾದರೂ. ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿನ ಬವೇರಿಯಾ ರಾಜ್ಯದ ದೊರೆ ಒಂದನೆಯ ಲುಡ್ವಿಗ್‌ನ ಮಗ ಒಟ್ಟೊ, 17ರ ಹುಡುಗ, 1833ರಲ್ಲಿ ಗ್ರೀಸಿನ ರಾಜನಾಗಿ ಬಂದಿಳಿದದ್ದು ನಾಫ್ಲಿಯೊದ ಬಂದರಿನಲ್ಲಿ. ಆ ಎಳೆ ಹಿಡಿದು ಹೋದ ನನಗೆ ಈ ಊರು ಬಹಳ ಹಿಡಿಸಿತು. 1834ರಲ್ಲಿ ಅಥೆನ್ಸಿಗೆ ಸ್ಥಳಾಂತರವಾಗುವವರೆಗೆ ಹೊಸ ಗ್ರೀಸಿನ ರಾಜಧಾನಿ ಇದೇ ಆಗಿತ್ತು. ಮೈಸೀನಿಗೆ ಹೋಗುವ ದಾರಿಯ ಊಟದ ನಿಲ್ದಾಣವೆಂದು ಇದನ್ನು ನೋಡಿದರೆ ನಷ್ಟ ನಿಮಗೇ.

ನಿಮ್ಮ ಅಮ್ಮನನ್ನು ಮೊದಲು ಸೇಂಟ್ ಸ್ಪಿರಿಡಾನ್ ಚರ್ಚಿಗೆ ಕರೆದುಕೊಂಡು ಹೋಗಿ. ಹಳೆಯ ಪೇಟೆಯ ಓಣಿಯೊಂದರಲ್ಲಿರುವ ಪುಟ್ಟ ಚರ್ಚು. ರಷ್ಯಾದ ವಿದೇಶಾಂಗ ಮಂತ್ರಿಯಾಗಿದ್ದು ಬಳಿಕ ಗ್ರೀಸಿನ ಮೊದಲ ಆಡಳಿತ ಮುಖ್ಯಸ್ಥನಾದ ಕಪೊಡಿಸ್ಟ್ರಿಯಸ್ 1831ರ ಅಕ್ಟೋಬರ್ 9ರ ಭಾನುವಾರ ಬೆಳಗಿನ ಪ್ರಾರ್ಥನೆಗೆ ಬಂದಾಗ, ಇದೇ ಬಾಗಿಲಲ್ಲಿ ಅವನನ್ನು ಕೊಂದರು. ಮಾನಿ ಪ್ರಾಂತದ ಮಾವ್ರೊಮಿಹಾಲಿಸ್ ಮನೆತನದ ಹಿರಿಯನನ್ನು ಅವನು ಸೆರೆಯಲ್ಲಿಟ್ಟಿದ್ದ. ಕೊಂದವರು ಆ ಹಿರಿಯನ ತಮ್ಮ ಮತ್ತು ಮಗ. ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡಿನ ಗುರುತನ್ನು ಗಾಜಿನಡಿ ಕಾಪಾಡಿದ್ದಾರೆ.

ಅಲ್ಲಿಂದ ಸಿಂಟಾಗ್ಮಾ ಚೌಕಕ್ಕೆ ಕೆಲವೇ ನಿಮಿಷದ ನಡಿಗೆ. ಚೌಕದ ಬಳಿಯ ಹಳೆಯ ಮಸೀದಿಯಲ್ಲೇ ಗ್ರೀಕರ ಮೊದಲ ಸಂಸತ್ತು ಸೇರುತ್ತಿತ್ತು. 1834ರಲ್ಲಿ, ತುರ್ಕರ ವಿರುದ್ಧದ ಸ್ವಾತಂತ್ರ್ಯ ಸಮರದ ಸೇನಾನಿ ಕೊಲೊಕೊಟ್ರೊನಿಸ್‌ನನ್ನು ದ್ರೋಹಿಯೆಂದು ವಿಚಾರಣೆಗೆ ನಿಲ್ಲಿಸಿದ್ದೂ ಅಲ್ಲಿಯೇ. ಪೊಲಿಝೊಯಿಡಿಸ್, ಟೆರ್ಟ್ಸೆಟಿಸ್ ಎಂಬ ಇಬ್ಬರು ನ್ಯಾಯಾಧೀಶರು ಮರಣದಂಡನೆಯ ತೀರ್ಪಿಗೆ ಸಹಿ ಹಾಕಲು ಒಪ್ಪಲಿಲ್ಲ. ಸೈನಿಕರು ಅವರನ್ನು ಬಲವಂತವಾಗಿ ಎಳೆತಂದು ಪೀಠದಲ್ಲಿ ಕೂರಿಸಿದರು. ಆಗಲೂ ಸಹಿ ಹಾಕಲಿಲ್ಲ. ಕೊಲೆಯಾದ ಕಪೊಡಿಸ್ಟ್ರಿಯಸ್ ಹೆಸರು ಎಲ್ಲರಿಗೂ ಗೊತ್ತು. ಈ ಇಬ್ಬರ ಹೆಸರನ್ನೂ ಅಷ್ಟೇ ಗೌರವದಿಂದ ನೆನೆಯಬೇಕೆಂದು ನನ್ನ ಆಸೆ. ಶಿಕ್ಷೆ ಕೊನೆಗೆ ಸೆರೆವಾಸಕ್ಕಿಳಿಯಿತು, ಮರುವರ್ಷ ಒಟ್ಟೊ ಕ್ಷಮಾದಾನ ಕೊಟ್ಟ.

ಗಿರಿಸಂಚಾರಿ:
ಮೆಟ್ಟಿಲಿಗೆ ಹೆದರಬೇಡಿ. ಊರವರು 999 ಎನ್ನುತ್ತಾರೆ, ನಿಜಕ್ಕೂ ಅಷ್ಟಿಲ್ಲ. ಅಲ್ಲದೆ ಪಲಮಿಡಿ ಕೋಟೆಯ ಬಾಗಿಲವರೆಗೂ ರಸ್ತೆಯಿದೆ, ಟ್ಯಾಕ್ಸಿ ಹೋಗುತ್ತದೆ. ಆದರೂ ಒಳಗೆ ಏರುತಗ್ಗು ಬಹಳ, ನಯವಾದ ಕಲ್ಲುಗಳು ಜಾರುತ್ತವೆ. ವೆನಿಸಿನವರು 1711ರಿಂದ 1714ರವರೆಗೆ ಕಟ್ಟಿದ ಕೋಟೆ. ಮರುವರ್ಷವೇ ತುರ್ಕರ ಪಾಲಾಯಿತು. ನನ್ನ ಮಟ್ಟಿಗೆ ಊರಿನ ತೂಕವೆಲ್ಲ ಆ ಬೆಟ್ಟದ ಮೇಲೇ ಇದೆ.

ಇಸಾರ್ ದಂಡೆ:
ಗಿರಿಸಂಚಾರಿಯವರೇ, ಕೋಟೆಯನ್ನು ಬಿಡಿ ಎನ್ನುವುದಿಲ್ಲ. ಆದರೆ ಮಂಡಿನೋವಿನವರ ಶಕ್ತಿಯೆಲ್ಲ ಅಲ್ಲೇ ಮುಗಿದರೆ ಪೇಟೆಯನ್ನು ನೋಡಲು ಉಳಿಯುವುದೇನು? ಮೊದಲ ದಿನ ಪೇಟೆ, ಮರುದಿನ ಬೆಳಗ್ಗೆ ಬಿಸಿಲೇರುವ ಮುನ್ನ ಟ್ಯಾಕ್ಸಿಯಲ್ಲಿ ಕೋಟೆ. ಚೌಕದಲ್ಲಿರುವ ವೆನಿಸಿನವರ 1713ರ ಉಗ್ರಾಣದಲ್ಲಿ ಪುರಾತತ್ವ ಸಂಗ್ರಹಾಲಯವಿದೆ. ಹತ್ತಿರದ ಡೆಂಡ್ರಾದಲ್ಲಿ ಸಿಕ್ಕ, ಕ್ರಿಸ್ತಪೂರ್ವ 15ನೇ ಶತಮಾನದ ಕಂಚಿನ ಕವಚ ಅಲ್ಲಿದೆ. ಕುತ್ತಿಗೆಯಿಂದ ತೊಡೆಯವರೆಗೆ ಮುಚ್ಚುವ ಆ ತಗಡುಗಳ ಮುಂದೆ ಅಮ್ಮನವರು ಬಹಳ ಹೊತ್ತು ನಿಲ್ಲುತ್ತಾರೆಂದು ನನ್ನ ಊಹೆ.

ಹಾದಿಹೋಕಿ:
ಇಬ್ಬರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಆ ನ್ಯಾಯಾಧೀಶರ ವಿಷಯ ಕೇಳಿ, ಎರಡು ರಾತ್ರಿ ಎಂದು ಅವರೇ ತೀರ್ಮಾನಿಸಿಬಿಟ್ಟರು. ಒಟ್ಟೊನ ಕಾಲದ ಗುರುತು ಬೇರೇನಾದರೂ ಇದೆಯೇ?

ಇಸಾರ್ ದಂಡೆ:
ಇದೆ. ಪ್ರೊನಿಯಾ ಬಡಾವಣೆಯಲ್ಲಿ ಬಂಡೆಯಲ್ಲೇ ಕೆತ್ತಿದ ಮಲಗಿದ ಸಿಂಹ. ಒಟ್ಟೊನ ಜೊತೆ ಬಂದ ಬವೇರಿಯಾದ ಸೈನಿಕರಲ್ಲಿ ಅನೇಕರು 1833–34ರ ಸಾಂಕ್ರಾಮಿಕದಲ್ಲಿ ತೀರಿಹೋದರು. ಅವರ ನೆನಪಿಗೆ ಲುಡ್ವಿಗ್ ಕೆತ್ತಿಸಿದ್ದು. ಪ್ರವಾಸಿ ಬಸ್ಸುಗಳ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅಥೆನ್ಸಿನ ಕಿಫಿಸೋಸ್ ನಿಲ್ದಾಣದಿಂದ ನಾಫ್ಲಿಯೊಗೆ ನೇರ ಬಸ್ಸಿದೆ, ಎರಡೂವರೆ ಗಂಟೆಯ ಆಸುಪಾಸಿನ ದಾರಿ. ತಂಗಲು ಹಳೆಯ ಪೇಟೆಯಲ್ಲಿ ಕೋಣೆ ಹಿಡಿಯುವಾಗ ನೆಲಮಹಡಿಯನ್ನೇ ಕೇಳಿ; ಓಣಿಗಳಲ್ಲೂ ಮೆಟ್ಟಿಲುಗಳಿವೆ.